ಕಂಡಷ್ಟೇ ನುಡಿ: ಕಡಲ ಹಕ್ಕಿಯೊಂದರ ನೆಪದಲ್ಲಿ ಸತ್ಯಾಣುವ್ರತದ ವಿಚಾರ

ಗೃಹಸ್ಥನ ಪಾಲಿಗೆ ಸತ್ಯವೆಂದರೆ ಸುಳ್ಳಾಡದಿರುವುದು ಎಂದು ಸಾಮಾನ್ಯವಾಗಿ ತಿಳಿಯಲಾಗಿದೆ. ಲಾಭಕ್ಕಾಗಿ, ಭಯದಿಂದ, ದ್ವೇಷದಿಂದ ಆಡುವ ಸುಳ್ಳನ್ನು ಗುರುತಿಸುವುದು ಕಷ್ಟವಲ್ಲ. ಆಡಿದವನಿಗೇ ಅದು ಸುಳ್ಳೆಂದು ಗೊತ್ತಿರುತ್ತದೆ. ಆದರೆ ಆಡುವವನ ಅರಿವಿಗೂ ಬಾರದಂತೆ ಮಾತಿನೊಳಗೆ ಸೇರಿಕೊಳ್ಳುವ ಇನ್ನೊಂದು ಬಗೆಯ ಅಸತ್ಯವಿದೆ. ಕಂಡದ್ದು ಒಂದು ಸೇರಾದರೆ ನುಡಿದದ್ದು ಒಂದೂವರೆ ಸೇರು. ಇಲ್ಲಿ ಮೋಸದ ಉದ್ದೇಶವಿಲ್ಲ. ಯಾರ ಗಂಟೂ ಹೋಗುವುದಿಲ್ಲ. ಹಾಗಿದ್ದರೂ ಇದು ದೋಷವೇ? ದೋಷವಾದರೆ ಎಷ್ಟರ ಮಟ್ಟಿನದು? ಈ ಪ್ರಶ್ನೆಯನ್ನು ಪರೀಕ್ಷಿಸಲು ದೊಡ್ಡ ದೃಷ್ಟಾಂತಗಳಿಗಿಂತ ಚಿಕ್ಕದೊಂದು ದೃಷ್ಟಾಂತವೇ ಹೆಚ್ಚು ಉಪಯುಕ್ತ. ನಲವತ್ತು ಗ್ರಾಮಿನ ಆಸುಪಾಸು ತೂಗುವ ಹಕ್ಕಿಯೊಂದನ್ನು ನಡುಗಡಲಿನಲ್ಲಿ ಗುರುತಿಸುವ ಕೆಲಸವೇ ಆ ದೃಷ್ಟಾಂತ.

ಮೊದಲು ಕಡಲಿನಿಂದ ದೂರವಿರುವ ನೆಲದಿಂದಲೇ ಆರಂಭಿಸಬಹುದು. ಜನಪದ ಗೀತೆಯ ಮೂಲಕ ಕನ್ನಡಿಗರಿಗೆಲ್ಲ ಪರಿಚಿತವಾದ ಕುಣಿಗಲ್ ದೊಡ್ಡಕೆರೆಯಂಥ ಕೆರೆಗಳ ಏರಿಯ ಮೇಲೆ ನಿಂತು ನೋಡುವವರಿಗೆ, ನೀರಿನ ಮೈಯನ್ನು ತಾಗಿಯೂ ತಾಗದಂತೆ ಸರ್ರನೆ ಹಾರಿಹೋಗುವ ಚಿಕ್ಕ ಕಪ್ಪು ಹಕ್ಕಿಗಳು ಕಾಣಸಿಗುತ್ತವೆ. ಬಾಲದ ಬುಡದಲ್ಲಿ ಬಿಳಿಯ ಪಟ್ಟಿ. ಬಾಲ ಮೋಟು, ತುದಿ ಸಮ. ಇದು ಬಾನಾಡಿ, ಇಂಗ್ಲಿಷಿನಲ್ಲಿ ಲಿಟ್ಲ್ ಸ್ವಿಫ್ಟ್. ಹಳೆಯ ಗುಡಿಗಳ ಸೂರಿನಲ್ಲಿ, ಸೇತುವೆಗಳ ಅಡಿಯಲ್ಲಿ ಹುಲ್ಲು ಮತ್ತು ಗರಿಗಳನ್ನು ತನ್ನ ಜೊಲ್ಲಿನಿಂದ ಅಂಟಿಸಿ ಗೂಡು ಕಟ್ಟುವ, ಗಾಳಿಯಲ್ಲೇ ಹುಳು ಹಿಡಿದು ಹಾರುತ್ತಲೇ ನೀರು ಕುಡಿಯುವ ನಾಡಹಕ್ಕಿ.

ಈಗ ಇದೇ ವರ್ಣನೆಯನ್ನು, ಚಿಕ್ಕದು, ಕಪ್ಪು, ಬಾಲದ ಬುಡ ಬಿಳಿ, ನೀರಿಗೆ ತಾಗಿ ಹಾರುವುದು ಎಂಬಷ್ಟನ್ನು, ಅಕ್ಷರವೂ ಬದಲಾಗದಂತೆ ಪಶ್ಚಿಮಕ್ಕೆ ಒಯ್ಯೋಣ. ಕುಣಿಗಲ್ಲಿನಿಂದ ಕರಾವಳಿ ಇನ್ನೂರು ಕಿಲೋಮೀಟರಿಗೂ ದೂರ. ಮಲ್ಪೆಯಿಂದಲೋ ಮಂಗಳೂರಿನಿಂದಲೋ ಹೊರಟ ದೋಣಿ ದಡ ಕಾಣದಷ್ಟು ದೂರ ಸಾಗಿದ ಮೇಲೆ ಅದೇ ವರ್ಣನೆಯನ್ನು ಓದಿದರೆ, ಅದು ಬೇರೊಂದು ಹಕ್ಕಿಯದಾಗುತ್ತದೆ. ಬಾನಾಡಿಯ ಬದಲು ಅಲ್ಲಿರುವುದು ಸ್ಟಾರ್ಮ್ ಪೆಟ್ರೆಲ್. ಕನ್ನಡದಲ್ಲಿ ಬಿರುಗಾಳಿ ಹಕ್ಕಿ ಎನ್ನಬಹುದು. ವರ್ಣನೆ ಒಂದೇ, ವಸ್ತು ಎರಡು. ವರ್ಣಿಸಿದವನು ಸುಳ್ಳಾಡಿಲ್ಲ, ಆದರೂ ಅವನ ಮಾತಿನಿಂದ ಕೇಳುವವನಿಗೆ ಸತ್ಯ ದೊರೆಯಲಿಲ್ಲ.

ಈ ಹಕ್ಕಿಯ ಬಾಳನ್ನು ಸ್ವಲ್ಪ ವಿವರವಾಗಿ ಅರಿಯುವುದು ಅಗತ್ಯ. ಅರಬ್ಬೀ ಸಮುದ್ರದಲ್ಲಿ ಕಾಣುವ ಬಿರುಗಾಳಿ ಹಕ್ಕಿಗಳಲ್ಲಿ ಮುಖ್ಯವಾದದ್ದು ವಿಲ್ಸನ್ಸ್ ಸ್ಟಾರ್ಮ್ ಪೆಟ್ರೆಲ್. ಉದ್ದ ಹದಿನೇಳು ಸೆಂಟಿಮೀಟರಿನಷ್ಟು. ಗುಬ್ಬಚ್ಚಿಗಿಂತ ಸ್ವಲ್ಪವೇ ದೊಡ್ಡದು. ಇದು ಮರಿ ಮಾಡುವುದು ಅಂಟಾರ್ಕ್ಟಿಕದ ಕರಾವಳಿಯಲ್ಲಿ ಹಾಗೂ ದಕ್ಷಿಣ ಸಾಗರದ ದ್ವೀಪಗಳಲ್ಲಿ. ಬಂಡೆಯ ಬಿರುಕಿನಲ್ಲೋ ಮಣ್ಣಿನ ಬಿಲದಲ್ಲೋ ವರ್ಷಕ್ಕೆ ಒಂದೇ ಮೊಟ್ಟೆ. ಬೇಟೆಗಾರ ಹಕ್ಕಿಗಳ ಭಯದಿಂದ ಗೂಡಿಗೆ ಬಂದುಹೋಗುವುದು ಕತ್ತಲಲ್ಲಿ ಮಾತ್ರ. ಅಲ್ಲಿ ಚಳಿಗಾಲ ಕವಿಯುವಾಗ ಭೂಮಧ್ಯರೇಖೆಯನ್ನು ದಾಟಿ ಉತ್ತರಕ್ಕೆ ಬರುತ್ತದೆ. ನಮ್ಮ ಮುಂಗಾರಿನ ತಿಂಗಳುಗಳು ಇದರ ಅರಬ್ಬೀ ವಾಸದ ತಿಂಗಳುಗಳು. ಉಪ್ಪುನೀರನ್ನೇ ಕುಡಿದು, ಹೆಚ್ಚಾದ ಉಪ್ಪನ್ನು ತಲೆಯಲ್ಲಿರುವ ಗ್ರಂಥಿಗಳ ಮೂಲಕ ಹೊರಹಾಕುತ್ತದೆ. ಕಣ್ಣಿಗಿಂತ ಮೂಗನ್ನು ನೆಚ್ಚಿ, ವಾಸನೆಯ ಜಾಡು ಹಿಡಿದು ಆಹಾರವನ್ನು ಸೇರುತ್ತದೆ. ರೆಕ್ಕೆಗಳನ್ನು ಮೇಲಕ್ಕೆತ್ತಿ, ಕಾಲುಗಳನ್ನು ಇಳಿಬಿಟ್ಟು ಅಲೆಯ ಮೇಲೆ ಹೆಜ್ಜೆಯಿಡುವಂತೆ ಹಾರುತ್ತ ಕಿರುಜೀವಿಗಳನ್ನು ಹೆಕ್ಕುತ್ತದೆ. ನೀರಿನ ಮೇಲೆ ನಡೆದ ಸಂತ ಪೀಟರನಿಂದ ಪೆಟ್ರೆಲ್ ಎಂಬ ಹೆಸರು ಬಂತೆಂಬ ನಂಬಿಕೆಯುಂಟು. ನೀರಿನ ಮೇಲೆ ನಡೆಯುವಂತೆ ಕಾಣುವ ಈ ಜೀವಿಗೆ ನೆಲದ ಮೇಲೆ ನೆಟ್ಟಗೆ ನಿಲ್ಲುವಷ್ಟೂ ಕಾಲಿನ ಬಲವಿಲ್ಲ.

ಮೈಯೆಲ್ಲ ಕಡುಗಂದು, ಬಾಲದ ಬುಡದಿಂದ ಪಕ್ಕಗಳಿಗೂ ಸುತ್ತಿಬರುವ ಅಗಲವಾದ ಬಿಳಿ, ಸಮತುದಿಯ ಬಾಲ, ಬಾಲವನ್ನೂ ಮೀರಿ ಹಿಂದಕ್ಕೆ ಚಾಚಿದ ಕಾಲು, ಬೆರಳುಗಳ ನಡುವಿನ ಜಾಲದಲ್ಲಿ ಹಳದಿ: ಇವು ಪುಸ್ತಕಗಳು ಹೇಳುವ ಗುರುತುಗಳು. ಬಾನಾಡಿಗಾದರೆ ಗಂಟಲು ಬಿಳಿ. ಕಾಲು ಕಾಣುವುದೇ ಇಲ್ಲ. ಪುಸ್ತಕದ ಹಾಳೆಯ ಮೇಲೆ ಎಲ್ಲವೂ ಸ್ಪಷ್ಟ. ಕಡಲಿನ ಮೇಲೆ ಹಾಗಲ್ಲ. ದೋಣಿ ಓಲಾಡುತ್ತದೆ, ಹಕ್ಕಿ ಎರಡು ಅಲೆಗಳ ನಡುವಿನ ತಗ್ಗಿನಲ್ಲಿ ಕ್ಷಣಕಾಲ ಕಂಡು ಮರೆಯಾಗುತ್ತದೆ. ಹೋಲಿಸಿ ನೋಡಲು ಮರವಿಲ್ಲ, ಕಂಬವಿಲ್ಲ. ಆದುದರಿಂದ ದೂರವೂ ತಿಳಿಯದು, ಗಾತ್ರವೂ ತಿಳಿಯದು. ಕಂಡದ್ದು ಮೂರು ಕ್ಷಣವಾದರೆ ಅದರ ಬಗ್ಗೆ ಮಾತು ಮೂರು ಗಂಟೆ. ಅಸತ್ಯಕ್ಕೆ ಇಷ್ಟು ಹದವಾದ ನೆಲ ಮತ್ತೊಂದಿರಲಾರದು.

ಮತಿಜ್ಞಾನವು ಹುಟ್ಟುವ ಕ್ರಮವನ್ನು ತತ್ತ್ವಾರ್ಥಸೂತ್ರವು ನಾಲ್ಕು ಹಂತಗಳಾಗಿ ವಿಂಗಡಿಸಿದೆ: ಅವಗ್ರಹ, ಈಹಾ, ಅವಾಯ, ಧಾರಣಾ. ಏನೋ ಒಂದು ಇಂದ್ರಿಯಕ್ಕೆ ಗೋಚರವಾಗುವುದು ಅವಗ್ರಹ. ಅದು ಏನಿರಬಹುದೆಂದು ವಿಶೇಷಗಳನ್ನು ಅರಸುವುದು ಈಹಾ. ಇದೇ, ಬೇರೆಯಲ್ಲ ಎಂದು ನಿರ್ಣಯಿಸುವುದು ಅವಾಯ. ನಿರ್ಣಯವನ್ನು ಮನಸ್ಸಿನಲ್ಲಿ ಉಳಿಸಿಕೊಳ್ಳುವುದು ಧಾರಣಾ. ದೋಣಿಯಲ್ಲಿ ನಿಂತವನ ಅನುಭವವು ಈ ಕ್ರಮವನ್ನು ಕಣ್ಣೆದುರಿಗೆ ತಂದು ನಿಲ್ಲಿಸುತ್ತದೆ. ಕಪ್ಪನೆಯದೊಂದು ಹಾರಿತು ಎಂಬುದು ಅವಗ್ರಹ. ಬಾಲ ಕವಲೋ ಸಮವೋ, ಹಾರಾಟ ಎಂಥದು ಎಂಬ ಹುಡುಕಾಟ ಈಹಾ. ಲೋಕವ್ಯವಹಾರದಲ್ಲಿ ಆಗುವ ಬಹುಪಾಲು ತಪ್ಪುಗಳು ಈಹೆಯನ್ನು ಹಾರಿ ಅವಗ್ರಹದಿಂದ ನೇರವಾಗಿ ಅವಾಯಕ್ಕೆ ನೆಗೆದುದರ ಫಲ. ಇನ್ನೂ ಸೂಕ್ಷ್ಮವಾದ ತಪ್ಪು ಧಾರಣೆಯಲ್ಲಿ ಆಗುತ್ತದೆ. ಹಕ್ಕಿಯ ಹೆಸರನ್ನು ಒಮ್ಮೆ ನಿಶ್ಚಯಿಸಿಕೊಂಡವನು ಸಂಜೆ ಪುಸ್ತಕ ತೆರೆದಾಗ, ಅಲ್ಲಿ ಹೇಳಿದ ಹಳದಿ ಜಾಲವೂ ತನ್ನ ನೆನಪಿನಲ್ಲಿದೆಯೆಂದು ಕಂಡುಕೊಳ್ಳುತ್ತಾನೆ. ಅವನು ಸುಳ್ಳುಗಾರನಲ್ಲ, ಓದಿದ್ದು ಕಂಡದ್ದರ ಜಾಗದಲ್ಲಿ ಬಂದು ಕುಳಿತಿದೆ. ಅನುಭವಿಗಳಾದ ವೀಕ್ಷಕರು ಪುಸ್ತಕ ತೆರೆಯುವ ಮೊದಲೇ ಕಂಡದ್ದನ್ನು ಬರೆದಿಡಬೇಕೆಂದು ಹೇಳುವುದು ಇದಕ್ಕಾಗಿಯೇ.

ಇನ್ನೊಂದು ತೊಡಕಿದೆ. ಅರಬ್ಬೀ ಸಮುದ್ರದಲ್ಲಿ ಹಾದುಹೋಗುವ ಮತ್ತೊಂದು ಜಾತಿ ಸ್ವಿನ್‌ಹೋಸ್ ಸ್ಟಾರ್ಮ್ ಪೆಟ್ರೆಲ್. ಜಪಾನ್, ಕೊರಿಯಾ, ಚೀನಾಗಳ ಕಡಲ ದ್ವೀಪಗಳಲ್ಲಿ ಮರಿ ಮಾಡಿ ಹಿಂದೂ ಮಹಾಸಾಗರಕ್ಕೆ ಬರುವ ಹಕ್ಕಿ. ಇದರ ಬಾಲದ ಬುಡದಲ್ಲಿ ಬಿಳಿಯಿಲ್ಲ. ಬಾಲ ತುಸು ಕವಲು. ಬಿಳಿ ಇದ್ದರೆ ವಿಲ್ಸನ್ಸ್, ಇಲ್ಲದಿದ್ದರೆ ಸ್ವಿನ್‌ಹೋಸ್ ಎಂದರೆ ಸುಲಭವಾಗಿ ತೋರುತ್ತದೆ. ಆದರೆ ಬಿಸಿಲಿನ ಝಳಕ್ಕೆ ಎದುರಾಗಿ, ಪಕ್ಕದಿಂದಲೋ ಕೆಳಗಿನಿಂದಲೋ ನೋಡಿದಾಗ ವಿಲ್ಸನ್ಸ್ ಹಕ್ಕಿಯ ಬಿಳಿಯೂ ಕಾಣದೆ ಹೋಗಬಹುದು. ಬಿಳಿ ಕಾಣಲಿಲ್ಲ ಎಂಬುದಕ್ಕೂ ಬಿಳಿ ಇರಲಿಲ್ಲ ಎಂಬುದಕ್ಕೂ ಅಜಗಜಾಂತರ. ಇದ್ದಿದ್ದರೆ ಖಂಡಿತ ಕಾಣಬೇಕಾಗಿತ್ತು ಎನ್ನುವಂಥ ಸ್ಥಿತಿಯಲ್ಲಿ ಕಾಣದಿದ್ದರೆ ಮಾತ್ರ ಇಲ್ಲವೆನ್ನಬಹುದು ಎಂಬ ವಿವೇಕವನ್ನು ಭಾರತೀಯ ತರ್ಕಶಾಸ್ತ್ರಕಾರರು ಅನುಪಲಬ್ಧಿಯ ಚರ್ಚೆಯಲ್ಲಿ ಬಹು ಹಿಂದೆಯೇ ತಿಳಿಸಿದ್ದಾರೆ. ಕಡಲ ಹಕ್ಕಿಗಷ್ಟೇ ಅಲ್ಲ, ನೆರೆಯವನ ಗುಣಕ್ಕೂ ಇದು ಅನ್ವಯ. ಅವನ ದಾನ ಕಣ್ಣಿಗೆ ಬೀಳಲಿಲ್ಲವೆಂದು ಅವನು ಜಿಪುಣನೆಂದು ನುಡಿಯುವವನು ಬಿಳಿ ಕಾಣದ್ದನ್ನು ಬಿಳಿ ಇಲ್ಲವೆಂದ ವೀಕ್ಷಕನೇ.

ಹಾಗಾದರೆ ನಿರ್ಣಯವಾಗದ ಹಕ್ಕಿಯನ್ನು ಏನೆಂದು ಬರೆಯಬೇಕು? ಲೆಕ್ಕ ಬರೆಯುವವರಿಗೆ ಇದರ ಉತ್ತರ ಗೊತ್ತು. ಅಂಗಡಿಗೆ ಹಣ ಬಂದಿದೆ, ಯಾರಿಂದ ಯಾವ ಬಾಬಿಗೆ ಬಂತೆಂದು ತಿಳಿಯದು ಎಂದಾಗ ಪ್ರಾಮಾಣಿಕನಾದ ಗುಮಾಸ್ತ ಅದನ್ನು ಯಾರದೋ ಖಾತೆಗೆ ಜಮಾ ಮಾಡುವುದಿಲ್ಲ, ಬಿಟ್ಟುಬಿಡುವುದೂ ಇಲ್ಲ. ಸಸ್ಪೆನ್ಸ್ ಖಾತೆಯಲ್ಲಿ ಬರೆದು, ಪತ್ತೆಯಾದ ದಿನ ಸರಿಯಾದ ಖಾತೆಗೆ ವರ್ಗಾಯಿಸುತ್ತಾನೆ. ಪಕ್ಷಿವೀಕ್ಷಣೆಯಲ್ಲಿಯೂ ಇಂಥ ವ್ಯವಸ್ಥೆಯಿದೆ. ೨೦೦೨ರಲ್ಲಿ ಆರಂಭವಾಗಿ ಇಂದು ಭಾರತದಲ್ಲಿಯೂ ಸಹಸ್ರಾರು ವೀಕ್ಷಕರು ಬಳಸುವ ಈಬರ್ಡ್ ದಾಖಲೆಯಲ್ಲಿ, ಬಿರುಗಾಳಿ ಹಕ್ಕಿ, ಜಾತಿ ನಿರ್ಣಯವಾಗಿಲ್ಲ ಎಂದು ಬರೆಯಲು ಅವಕಾಶವುಂಟು. ಈ ಸಾಲು ಬರೆಯಲು ಬೇಕಾದ ಧೈರ್ಯ ಸಣ್ಣದಲ್ಲ. ದೂರದಿಂದ ಬಂದು, ಹಣ ವ್ಯಯಿಸಿ, ವಾಂತಿಯಲ್ಲಿ ಅರ್ಧ ದಿನ ಕಳೆದವನು ಕೊನೆಗೆ ನಿರ್ಣಯವಾಗಿಲ್ಲ ಎಂದು ಬರೆಯುವಾಗ ಅವನು ಗೆಲ್ಲುವುದು ಲೋಭವನ್ನು. ಧನಕ್ಕೆ ಲೋಭವಿರುವಂತೆ ಜ್ಞಾನಕ್ಕೂ ಕೀರ್ತಿಗೂ ಲೋಭವಿದೆ; ಪಟ್ಟಿಗೆ ಒಂದು ಹೆಸರು ಸೇರಲಿ ಎಂಬ ಆಸೆಯೂ ಪರಿಗ್ರಹವೇ.

ಈ ಲೋಭ ಎಲ್ಲಿಗೆ ಒಯ್ಯಬಲ್ಲದು ಎಂಬುದಕ್ಕೆ ಪಕ್ಷಿಶಾಸ್ತ್ರದಲ್ಲಿ ಪ್ರಸಿದ್ಧವಾದ ನಿದರ್ಶನವಿದೆ. ರಿಚರ್ಡ್ ಮೈನರ್ಟ್ಸ್‌ಹಾಗೆನ್ ಎಂಬ ಬ್ರಿಟಿಷ್ ಸೇನಾಧಿಕಾರಿ ತನ್ನ ಕಾಲದಲ್ಲಿ ದೊಡ್ಡ ಪಕ್ಷಿತಜ್ಞನೆಂದು ಹೆಸರಾಗಿದ್ದ. ಅವನು ೧೯೬೭ರಲ್ಲಿ ತೀರಿಕೊಂಡ ಬಹುಕಾಲದ ಮೇಲೆ, ೧೯೯೦ರ ದಶಕದಲ್ಲಿ ಆತನ ಸಂಗ್ರಹವನ್ನು ವಿದ್ವಾಂಸರು ಪರೀಕ್ಷಿಸಿದಾಗ, ಇತರರು ಸಂಗ್ರಹಿಸಿದ ಮಾದರಿಗಳನ್ನು ಕದ್ದು, ಸುಳ್ಳು ಸ್ಥಳ ಮತ್ತು ಸುಳ್ಳು ದಿನಾಂಕದ ಚೀಟಿ ಅಂಟಿಸಿ ತನ್ನವೆಂದು ತೋರಿಸಿದ್ದು ಬೆಳಕಿಗೆ ಬಂತು. ಫಾರೆಸ್ಟ್ ಔಲೆಟ್ ಎಂಬ ಚಿಕ್ಕ ಭಾರತೀಯ ಗೂಬೆಯೊಂದನ್ನು ೧೯೧೪ರಲ್ಲಿ ಗುಜರಾತಿನ ಮಾಂಡ್ವಿಯಲ್ಲಿ ತಾನೇ ಹಿಡಿದೆನೆಂದು ಅವನು ಬರೆದಿದ್ದ. ಅದು ೧೮೮೦ರ ದಶಕದಲ್ಲಿ ಜೇಮ್ಸ್ ಡೇವಿಡ್‌ಸನ್ ಸಂಗ್ರಹಿಸಿದ ಮಾದರಿಯೆಂದು ಆಮೇಲೆ ತಿಳಿದುಬಂತು. ಆ ಸುಳ್ಳು ಚೀಟಿಯನ್ನು ನಂಬಿದವರ ಹುಡುಕಾಟ ದಾರಿ ತಪ್ಪಿತು. ಸುಳ್ಳನ್ನು ಬದಿಗಿಟ್ಟು ನಿಜವಾದ ಹಳೆಯ ದಾಖಲೆಗಳನ್ನಷ್ಟೇ ಅನುಸರಿಸಿ ಹುಡುಕಿದಾಗ, ೧೯೯೭ರ ನವೆಂಬರಿನಲ್ಲಿ ಪಮೇಲಾ ರಾಸ್ಮುಸೆನ್ ಮತ್ತು ಸಂಗಡಿಗರಿಗೆ ಮಹಾರಾಷ್ಟ್ರದ ಶಹಾದಾ ಬಳಿ ಆ ಗೂಬೆ ಜೀವಂತವಾಗಿ ಕಂಡಿತು. ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ, ಅಂದರೆ ಸುಳ್ಳು ಪತ್ರ ಬರೆಯುವುದು, ಒಂದು. ಅದು ಬರೀ ವ್ಯಾಪಾರಿಗಳಿಗೆ ಹೇಳಿದ ಮಾತಲ್ಲವೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಬೆರಳಗಲದ ಒಂದು ಚೀಟಿ ಒಂದು ಜೀವಜಾತಿಯ ವಿಳಾಸವನ್ನೇ ಮರೆಮಾಡಿತು.

ಮೈನರ್ಟ್ಸ್‌ಹಾಗೆನ್ನನದು ಬೇಕೆಂದೇ ಮಾಡಿದ ವಂಚನೆ; ದೋಣಿಯಲ್ಲಿ ನಿಂತ ವೀಕ್ಷಕನದು ಅರಿಯದೆ ಆದ ಅತಿಶಯೋಕ್ತಿ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಕಷಾಯದ ಭೇದದಿಂದ ಕರ್ಮಬಂಧದಲ್ಲಿಯೂ ಭೇದವುಂಟು. ಆದರೆ ದಾಖಲೆಯನ್ನು ನಂಬಿ ನಡೆಯುವ ಮುಂದಿನವನ ಪಾಲಿಗೆ ಪರಿಣಾಮ ಒಂದೇ. ಯಾವ ಹಕ್ಕಿ ಯಾವ ಕಡಲಲ್ಲಿ ಎಷ್ಟಿದೆ ಎಂಬ ಲೆಕ್ಕದ ಮೇಲೆಯೇ ಅದರ ರಕ್ಷಣೆಯ ವಿಚಾರ ನಿಂತಿದೆ. ಲೆಕ್ಕ ತಪ್ಪಾದರೆ ಕರುಣೆಯೂ ದಾರಿ ತಪ್ಪುತ್ತದೆ.

ಸತ್ಯದ ಈ ಪ್ರಶ್ನೆಗೆ ಅಹಿಂಸೆಯ ಮುಖವೂ ಒಂದಿದೆ. ಹತ್ತೊಂಬತ್ತನೆಯ ಶತಮಾನದ ಪಕ್ಷಿಶಾಸ್ತ್ರವು ಸಂಶಯಕ್ಕೆ ಕಂಡುಕೊಂಡ ಪರಿಹಾರ ಕೋವಿ. ಕಂಡದ್ದು ಏನೆಂದು ತಿಳಿಯದಿದ್ದರೆ ಹೊಡೆದು ಕೈಯಲ್ಲಿ ಹಿಡಿದು ನೋಡುವುದು. ಆ ಗೂಬೆಗೆ ೧೮೭೩ರಲ್ಲಿ ಶಾಸ್ತ್ರೀಯ ನಾಮಕರಣ ಮಾಡಿದ ಅಲನ್ ಆಕ್ಟೇವಿಯನ್ ಹ್ಯೂಮ್ ಈ ಮಾರ್ಗದ ಅಗ್ರಗಣ್ಯ. ೧೮೭೫ರಲ್ಲಿ ಲಕ್ಷದ್ವೀಪದ ಕಡೆಗೆ ಸಮುದ್ರಯಾನ ಮಾಡಿ ಕಡಲ ಹಕ್ಕಿಗಳನ್ನೂ ಸಂಗ್ರಹಿಸಿದವನು. ಅವನು ನಡೆಸಿದ ಪತ್ರಿಕೆಯ ಹೆಸರು ಸ್ಟ್ರೇ ಫೆದರ್ಸ್, ಚೆಲ್ಲಿದ ಗರಿಗಳು. ಆದರೆ ಆ ಗರಿಗಳು ತಾವಾಗಿ ಚೆಲ್ಲಿದವಲ್ಲ. ಅನಂತರ ಥಿಯಾಸಫಿಯ ಪ್ರಭಾವಕ್ಕೆ ಬಂದ ಹ್ಯೂಮ್ ಸಸ್ಯಾಹಾರಿಯಾದ. ಮಾದರಿಗಾಗಿ ಹಕ್ಕಿಗಳನ್ನು ಕೊಲ್ಲುವುದನ್ನೂ ಬಿಟ್ಟ. ವರ್ಷಗಟ್ಟಲೆ ಬರೆದ ಹಸ್ತಪ್ರತಿಗಳನ್ನು ಆಳೊಬ್ಬನು ರದ್ದಿ ಕಾಗದವೆಂದು ಬಜಾರಿಗೆ ಮಾರಿದ ಮೇಲೆ ಪಕ್ಷಿಶಾಸ್ತ್ರದಿಂದಲೇ ದೂರವಾಗಿ, ಚರ್ಮ ಮೊಟ್ಟೆಗಳೆಲ್ಲ ಸೇರಿ ಸುಮಾರು ಎಂಬತ್ತು ಸಾವಿರ ಮಾದರಿಗಳನ್ನು ೧೮೮೫ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿಗೆ ಕೊಟ್ಟುಬಿಟ್ಟ. ಅದೇ ವರ್ಷ ಕಾಂಗ್ರೆಸ್ ಸ್ಥಾಪನೆಯಲ್ಲಿ ಅವನು ವಹಿಸಿದ ಪಾತ್ರ ಎಲ್ಲರಿಗೂ ತಿಳಿದದ್ದು.

ತುಮಕೂರಿನ ಬಳಿ ಮಂದರಗಿರಿಯ ಬಸದಿ ಬೆಟ್ಟಕ್ಕೆ ಹೋದವರು ಪಿಂಛಿಯ ಆಕಾರದಲ್ಲಿ ಕಟ್ಟಿದ ಗುರುಮಂದಿರವನ್ನು ಕಂಡಿರುತ್ತಾರೆ. ಮುನಿಗಳ ಕೈಯ ಪಿಂಛಿಯಾಗುವುದು ನವಿಲು ತಾನಾಗಿ ಉದುರಿಸಿದ ಗರಿ. ಕೂರುವ ಜಾಗದ ಕಿರುಜೀವಿಗೂ ನೋವಾಗದಿರಲೆಂದು ಬಳಸುವ ಸಾಧನವು ಯಾವ ಜೀವದ ನೋವಿನಿಂದಲೂ ಬಂದಿರಬಾರದು ಎಂಬುದೇ ಅಲ್ಲಿನ ಮರ್ಯಾದೆ. ಜ್ಞಾನದ ಸಾಧನಕ್ಕೂ ಇದೇ ಮರ್ಯಾದೆ ಇರಬೇಡವೇ? ಹ್ಯೂಮನ ಸಂಗ್ರಹದಿಂದ ಜಗತ್ತಿಗೆ ಬಂದ ತಿಳಿವಳಿಕೆ ಅಪಾರವೆಂಬುದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಕೊಲ್ಲದೆ ತಿಳಿಯುವ ದಾರಿ ದೊರೆತ ಮೇಲೂ ಹಳೆಯ ದಾರಿಯನ್ನು ಹಿಡಿಯುವುದಕ್ಕೆ ಸಮರ್ಥನೆಯಿಲ್ಲ.

ಅಂಥ ದಾರಿ ಇದೆಯೆಂದು ತೋರಿಸಿಕೊಟ್ಟದ್ದೂ ಒಂದು ಬಿರುಗಾಳಿ ಹಕ್ಕಿಯೇ. ನ್ಯೂಜಿಲೆಂಡಿನ ಸ್ಟಾರ್ಮ್ ಪೆಟ್ರೆಲ್ ಜಾತಿಯಲ್ಲಿ ಜಗತ್ತಿಗೆ ತಿಳಿದಿದ್ದುದು ಹತ್ತೊಂಬತ್ತನೆಯ ಶತಮಾನದ ಮೂರು ಮಾದರಿಗಳು ಮಾತ್ರ. ಅದು ನಶಿಸಿಹೋಯಿತೆಂದು ಭಾವಿಸಲಾಗಿತ್ತು. ೨೦೦೩ರಲ್ಲಿ ಅಲ್ಲಿನ ಕಡಲಿನಲ್ಲಿ ಅಂಥದೇ ಹಕ್ಕಿಯೊಂದರ ಛಾಯಾಚಿತ್ರ ದೊರೆಯಿತು. ಯಾರೂ ಕೋವಿ ಎತ್ತಲಿಲ್ಲ. ಮೊದಲ ಚಿತ್ರಕ್ಕೇ ಜಯಭೇರಿಯನ್ನೂ ಹೊಡೆಯಲಿಲ್ಲ. ಇನ್ನಷ್ಟು ಚಿತ್ರಗಳಿಗಾಗಿ ಕಾದರು. ಹಳೆಯ ಮಾದರಿಗಳೊಡನೆ ಹೋಲಿಸಿದರು. ಹಕ್ಕಿಯನ್ನು ಹಿಡಿದು ಪರೀಕ್ಷಿಸಿ ಬಿಟ್ಟರು. ಕೊನೆಗೆ ೨೦೧೩ರಲ್ಲಿ, ಹಕ್ಕಿಗೆ ಕಟ್ಟಿದ ಚಿಕ್ಕ ರೇಡಿಯೊ ಸಾಧನದ ಸಹಾಯದಿಂದ ಅದು ಮರಿ ಮಾಡುವ ದ್ವೀಪವನ್ನೂ ಕಂಡುಕೊಂಡರು. ಅವಗ್ರಹದಿಂದ ಅವಾಯದವರೆಗೆ ಹತ್ತು ವರ್ಷ. ಆ ಹತ್ತು ವರ್ಷಗಳ ತಾಳ್ಮೆಗೆ ದೊರೆತದ್ದು ಸಂಶಯಕ್ಕೆ ಎಡೆಯಿಲ್ಲದ ಸತ್ಯ, ಮತ್ತು ಜೀವಂತ ಹಕ್ಕಿ.

ಕೋವಿ ಹೋದ ಮಾತ್ರಕ್ಕೆ ವೀಕ್ಷಣೆ ನಿರ್ದೋಷವಾಯಿತೆನ್ನಲಾಗದು. ವಾಸನೆಯಿಂದ ಹಕ್ಕಿಗಳನ್ನು ಹತ್ತಿರ ಸೆಳೆಯಲು ಮೀನಿನ ಎಣ್ಣೆಯನ್ನೂ ತ್ಯಾಜ್ಯವನ್ನೂ ನೀರಿಗೆ ಚೆಲ್ಲುವ ಪದ್ಧತಿ ಹಲವು ದೇಶಗಳಲ್ಲಿದೆ. ಇನ್ನೊಂದು ಜೀವದ ಒಡಲನ್ನು ಬಳಸಿ ಕಣ್ಣಿನ ಬಯಕೆ ತೀರಿಸಿಕೊಳ್ಳುವ ಈ ಕ್ರಮದ ಬಗ್ಗೆ ಅಹಿಂಸೆಯನ್ನು ನೆಚ್ಚಿದವನು ಎರಡು ಬಾರಿ ಯೋಚಿಸಬೇಕು. ರಾತ್ರಿಯಲ್ಲಿ ಪ್ರಖರವಾದ ದೀಪಕ್ಕೆ ದಿಕ್ಕುಗೆಟ್ಟು ಈ ಹಕ್ಕಿಗಳು ಹಡಗಿನ ಮೇಲೆ ಬೀಳುತ್ತವೆ ಎಂಬುದೂ ನೆನಪಿರಬೇಕು. ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ ೧ರಿಂದ ಜುಲೈ ೩೧ರವರೆಗೆ ನಿಷೇಧ. ಹಕ್ಕಿಗಳು ಇರುವ ಕಾಲದಲ್ಲೇ ದೋಣಿಗಳು ದಡ ಸೇರಿರುತ್ತವೆ. ಆ ಎರಡು ತಿಂಗಳ ಕಡಲನ್ನು ಕಾಣದೆಯೇ ಬಿಡುವುದನ್ನು ನಷ್ಟವೆಂದು ಬಗೆಯಬೇಕಾಗಿಲ್ಲ. ಎಲ್ಲವನ್ನೂ ಕಂಡೇ ತೀರಬೇಕೆಂಬ ಹಟಕ್ಕೂ ಮಿತಿ ಬೇಕು.

ಚಂಡಮಾರುತದ ದಿನಗಳಲ್ಲಿ ಕಡಲ ಹಕ್ಕಿಗಳು ಗಾಳಿಗೆ ಸಿಕ್ಕಿ ಒಳನಾಡಿನತ್ತ ಎಸೆಯಲ್ಪಡುವುದುಂಟು. ಆ ಕಾಲದಲ್ಲಿ ಕುಣಿಗಲ್ಲಿನಂಥ ಒಳನಾಡಿನ ಕೆರೆದಂಡೆಯಲ್ಲಿ ಅಪರಿಚಿತವಾದ ಕಪ್ಪು ಹಕ್ಕಿಯೊಂದು ಕುಸಿದು ಬಿದ್ದಿದ್ದರೆ, ಮೊದಲ ಕರ್ತವ್ಯ ಅದರ ಹೆಸರು ಹುಡುಕುವುದಲ್ಲ. ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲೆ ಮಾಡಿ ಮಲಗಿಸುವುದು, ಬಾಯಿಗೆ ನೀರು ಅನ್ನ ತುರುಕದಿರುವುದು, ಕೈಯಿಂದ ಕೈಗೆ ದಾಟಿಸಿ ಚಿತ್ರ ತೆಗೆಯದಿರುವುದು, ಅರಣ್ಯ ಇಲಾಖೆಗೆ ತಿಳಿಸುವುದು. ಬಾನಾಡಿಯೋ ಪೆಟ್ರೆಲ್ಲೋ ಎಂಬ ನಿರ್ಣಯ ಕಾಯಬಲ್ಲದು, ಉಸಿರು ಕಾಯಲಾರದು.

ಇಲ್ಲಿ ಎರಡು ಆಕ್ಷೇಪಗಳು ಬರಬಹುದು. ಹಕ್ಕಿಗೆ ತನ್ನ ಹೆಸರೇ ಗೊತ್ತಿಲ್ಲದಿರುವಾಗ ಹೆಸರಿಗಾಗಿ ಇಷ್ಟು ವಿಚಾರವೇಕೆ ಎಂಬುದು ಮೊದಲನೆಯದು. ಹಳೆಯ ನಾವಿಕರಲ್ಲಿ ಈ ಹಕ್ಕಿ ಬಿರುಗಾಳಿಯನ್ನು ತರುತ್ತದೆಂಬ ನಂಬಿಕೆಯಿತ್ತು. ಗಾಳಿಯೆದ್ದಾಗ ಅದು ಹಡಗಿನ ಮರೆಯಲ್ಲಿ ಕಾಣಿಸಿಕೊಂಡದ್ದಷ್ಟೇ ನಿಜ, ಉಳಿದದ್ದು ಕಾಕತಾಳೀಯ. ಕಂಡದ್ದಕ್ಕಿಂತ ಹೆಚ್ಚು ನುಡಿದುದರಿಂದ ನಲವತ್ತು ಗ್ರಾಮಿನ ನಿರಪರಾಧಿಯ ತಲೆಯ ಮೇಲೆ ಬಿರುಗಾಳಿಯ ಅಪವಾದ ಬಂತು. ಅದರ ಹೆಸರಿನಲ್ಲಿ ಇಂದಿಗೂ ಉಳಿದಿದೆ. ಮನುಷ್ಯರ ಮೇಲೆ ಬರುವ ಅಪವಾದಗಳೂ ಹೀಗೆಯೇ ಹುಟ್ಟುತ್ತವೆ. ಚಿಕ್ಕ ವಿಷಯದಲ್ಲಿ ಅಳತೆ ತಪ್ಪುವ ನಾಲಗೆ ದೊಡ್ಡ ವಿಷಯದಲ್ಲಿ ಅಳತೆ ಕಾಯುವುದೆಂಬ ಭರವಸೆಯಿಲ್ಲ.

ಇಷ್ಟು ಎಚ್ಚರ ವಹಿಸಿದರೆ ಯಾರೂ ಏನನ್ನೂ ಹೇಳಲಾರರು ಎಂಬುದು ಎರಡನೆಯದು. ಇದು ಸತ್ಯವಲ್ಲ. ಈಹೆಯಲ್ಲೇ ನಿಂತುಬಿಡುವುದು ಜ್ಞಾನವಲ್ಲ, ಅವಾಯಕ್ಕೂ ಸ್ಥಾನವಿದೆ. ಹಳದಿ ಜಾಲವನ್ನೂ ಬಾಲ ಮೀರಿದ ಕಾಲನ್ನೂ ಸ್ಪಷ್ಟವಾಗಿ ಕಂಡವನು ಇದು ವಿಲ್ಸನ್ಸ್ ಎಂದು ಹೇಳಲೇಬೇಕು. ಅಲ್ಲಿ ಇರಬಹುದು, ಅಲ್ಲದಿರಬಹುದು ಎಂದು ತೊದಲುವುದು ವಿನಯವೂ ಅಲ್ಲ, ಅನೇಕಾಂತವೂ ಅಲ್ಲ. ಸ್ಯಾದ್ವಾದವು ಮಾತಿಗೆ ಅಳುಕನ್ನು ಕಲಿಸುವುದಿಲ್ಲ. ಯಾವ ನಿಲುವಿನಿಂದ, ಯಾವ ಬೆಳಕಿನಲ್ಲಿ, ಎಷ್ಟು ದೂರದಿಂದ ಕಂಡದ್ದೆಂಬುದನ್ನು ಸೇರಿಸಿ ಹೇಳಲು ಕಲಿಸುತ್ತದೆ. ತೂಕದಲ್ಲಿ ಹೆಚ್ಚು ಕೊಂಡು ಕಡಿಮೆ ಕೊಡುವುದನ್ನು ಹೀನಾಧಿಕಮಾನೋನ್ಮಾನವೆಂದು ಆಚಾರ್ಯರು ಅಚೌರ್ಯವ್ರತದ ಅತಿಚಾರಗಳಲ್ಲಿ ಎಣಿಸಿದ್ದಾರೆ. ಮಾತಿಗೂ ತಕ್ಕಡಿಯಿದೆ. ಕಂಡದ್ದಕ್ಕಿಂತ ಹೆಚ್ಚು ನುಡಿಯುವುದೂ ದೋಷ, ಕಂಡದ್ದನ್ನು ಕಡಿಮೆ ಮಾಡಿ ನುಡಿಯುವುದೂ ದೋಷ. ಶ್ರಾವಕನಾದವನು ದಿನದ ಕೊನೆಗೆ ಅಂಗಡಿಯ ಲೆಕ್ಕ ನೋಡುವಂತೆ, ಆ ದಿನ ತಾನು ಆಡಿದ ಮಾತುಗಳಲ್ಲಿ ಕಂಡದ್ದೆಷ್ಟು, ಕೇಳಿದ್ದೆಷ್ಟು, ಊಹಿಸಿದ್ದೆಷ್ಟು ಎಂದು ಮೂರು ಅಂಕಣಗಳಲ್ಲಿ ಬರೆದು ನೋಡಿಕೊಳ್ಳಲಿ. ಮೊದಲನೆಯ ಅಂಕಣವನ್ನು ಶುದ್ಧವಾಗಿಡುವುದೇ ಸತ್ಯಾಣುವ್ರತದ ನಿತ್ಯಾಭ್ಯಾಸ.